ತಾತನ ಎರಡು ಕೆಮ್ಮು

ಒಂದೂವರೆ ತಿಂಗಳಿಂದ ಒಂದು ಕೆಮ್ಮಿನ ಹಿಂದೆ ಬಿದ್ದಿದ್ದೇನೆ. ನಮ್ಮ ತಾತನ ಕೆಮ್ಮು. ತಾತ ಹೋಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಕೆಮ್ಮು ಮಾತ್ರ ಒಂದು ಕ್ಯಾಸೆಟ್ಟಿನಲ್ಲಿ ಉಳಿದುಕೊಂಡಿದೆ.

1994ರ ಬೇಸಿಗೆಯಲ್ಲಿ ಚಿಕ್ಕಪ್ಪ ಹೊಸ ಟೇಪ್ ರೆಕಾರ್ಡರ್ ತಂದಿದ್ದರು. ನಮ್ಮೂರು ಬಂಗಾರಪೇಟೆ ಹತ್ತಿರ. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ತಾತನ ಮುಂದೆ ಅದನ್ನಿಟ್ಟು, "ಅಪ್ಪಾ, ಗಣಿ ಕೆಲಸದ್ದು ಏನಾದ್ರೂ ಹೇಳು" ಅಂದರು. ಅರವತ್ತು ನಿಮಿಷದ ಕ್ಯಾಸೆಟ್. ಒಂದು ಕಡೆ ಪೂರ್ತಿ ತಾತನ ಮಾತು. ಇನ್ನೊಂದು ಕಡೆ ಅರ್ಧ ತಾತ, ಉಳಿದರ್ಧ ಯಾವುದೋ ಮದುವೆಯ ವಾಲಗ. ಹೋದ ವರ್ಷ ಕೋಲಾರದಲ್ಲಿ ಒಬ್ಬರ ಕೈಲಿ ಅದನ್ನು ಫೋನಿಗೆ ಹಾಕಿಸಿಕೊಂಡೆ. ಮನೆಯ ಮಕ್ಕಳು ಮೊಮ್ಮಕ್ಕಳು ಓದಲಿ ಅಂತ ಕೂತು ಟೈಪ್ ಮಾಡಿದೆ. ಬೇರೆಯವರ ಮಾತು ಕೇಳಿ ಟೈಪ್ ಮಾಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಜಿಲ್ಲೆಯ ಕೋರ್ಟುಗಳಲ್ಲಿ ಇಪ್ಪತ್ತಾರು ವರ್ಷ ಬೆರಳಚ್ಚುಗಾರ್ತಿಯಾಗಿ ದುಡಿದವಳು ನಾನು. ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಹನ್ನೊಂದು ಹಾಳೆ. ತಪ್ಪಿಲ್ಲ, ಚಿತ್ತಿಲ್ಲ.

ಹಾಳೆ ತಗೊಂಡು ಅತ್ತೆಯ ಮನೆಗೆ ಹೋದೆ. ಅತ್ತೆ ಅಂದರೆ ತಾತನ ಹಿರಿ ಮಗಳು. ಎಂಬತ್ತು ದಾಟಿದೆ, ಕಣ್ಣು ಮಂಜು. "ನೀನೇ ಓದಮ್ಮಾ" ಅಂದರು. ಓದಿದೆ. ಕೈ ಮೇಲೆ ಗಲ್ಲ ಇಟ್ಟುಕೊಂಡು ಕೊನೆವರೆಗೂ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಎಲ್ಲಾ ಸರಿಯಾಗೇ ಐತೆ ಕಣಮ್ಮಾ. ಅಪ್ಪ ಎಲ್ಲಿ ಇದ್ರಲ್ಲಿ? ನಮ್ಮಪ್ಪ ಯಾವತ್ತು ಹಿಂಗೆ ಒಂದೇ ಸಮ ಮಾತಾಡ್ತಿದ್ದ?"

ಬಸ್ಸಿನಲ್ಲಿ ವಾಪಸ್ ಬರುವಾಗ ಕಿವಿಗೆ ಹಾಕಿಕೊಂಡು ಇನ್ನೊಂದು ಸಲ ಕೇಳಿದೆ. ಆಗ ಗೊತ್ತಾಯಿತು. ತಾತ ಪ್ರತಿ ನಾಲ್ಕೈದು ಮಾತಿಗೊಂದು ಸಲ ಕೆಮ್ಮುತ್ತಾರೆ. ಗಂಟಲು ಸರಿಮಾಡಿಕೊಳ್ಳುತ್ತಾರೆ. ಹ್ಞೂಂ ಅನ್ನುತ್ತಾರೆ. ನಾಲಿಗೆಯಲ್ಲಿ ಲೊಚ್ ಅನ್ನಿಸುತ್ತಾರೆ. ಒಂದು ಕಡೆ ಬರೀ ಉಸಿರು ಬಿಡುತ್ತಾರೆ, ಅಷ್ಟೆ. ಎಣಿಸುತ್ತಾ ಹೋದೆ. ನಲವತ್ತೊಂದು ಸಲ ಆಯಿತು. ಆ ನಲವತ್ತೊಂದನ್ನೂ ನನ್ನ ಬೆರಳು ದಾಟಿಕೊಂಡು ಹೋಗಿತ್ತು. ಕೋರ್ಟಿನಲ್ಲಿ ಕಲಿತ ಕೈ ಅದು.

ಬೇವಿನ ಮರದ ಹತ್ತಿರ

ತಾತ ಕೆಜಿಎಫ್‌ನಲ್ಲಿ ನೆಲದೊಳಗೆ ಇಳಿದು ಕೆಲಸ ಮಾಡಿದವರು. ವಾರಕ್ಕೊಂದು ಸಲ ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಗೆ ಬಂದು, ಅಲ್ಲಿಂದ ನಡೆದುಕೊಂಡು ಊರಿಗೆ ಬರುತ್ತಿದ್ದರು. ನಾನು ಆಗ ಏಳೆಂಟು ವರ್ಷದವಳು. ಮನೆ ಮುಂದೆ ಒಂದು ಬೇವಿನ ಮರ ಇತ್ತು. ಮರದ ಹತ್ತಿರ ಬಂದಾಗ ತಾತ ಒಂದು ಸಲ ಗಂಟಲು ಸರಿಮಾಡಿಕೊಳ್ಳುವರು. ಜೋರಾಗೇನಲ್ಲ. ಎರಡು ತುಂಡು ಸದ್ದು. ಮೊದಲನೆಯದು ಗಿಡ್ಡ, ಎರಡನೆಯದು ಸ್ವಲ್ಪ ಉದ್ದ, ಕೊನೆಯಲ್ಲಿ ಮೂಗಿಗೆ ಹತ್ತುವಂಥದು.

ಅಷ್ಟಕ್ಕೇ ಮನೆಯಲ್ಲಿ ಎಲ್ಲ ಬದಲಾಗುತ್ತಿತ್ತು. ಒಲೆ ಮುಂದೆ ಮುದ್ದೆ ತಿರುವುತ್ತಿದ್ದ ಅಮ್ಮ ಎಡಗೈಯಲ್ಲಿ ಸೆರಗು ಎಳೆದುಕೊಳ್ಳುವಳು. ಅಜ್ಜಿ ಕೊಳದಪ್ಪಲೆಯಿಂದ ತಂಬಿಗೆಗೆ ನೀರು ಮೊಗೆಯುವಳು. ಜಗುಲಿ ಮೇಲೆ ಕಾಲು ಚಾಚಿ ಕೂತಿದ್ದ ಚಿಕ್ಕಪ್ಪ ಕಾಲು ಮಡಿಸಿಕೊಳ್ಳುವರು. ನಾವು ಮಕ್ಕಳು ಸುಮ್ನೆ ಪುಸ್ತಕ ತೆಗೆಯುತ್ತಿದ್ದೆವು. ಯಾರೂ "ತಾತ ಬಂದ್ರು" ಅನ್ನುತ್ತಿರಲಿಲ್ಲ. ಅನ್ನಬೇಕಾಗಿರಲೇ ಇಲ್ಲ. ಹಳ್ಳಿ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಸೊಸೆಯಿರುವ ಮನೆಗೆ ಮಾವ ಬಾಗಿಲಲ್ಲಿ ಒಂದು ಸದ್ದು ಮಾಡದೆ ಒಳಗೆ ಬರಬಾರದು. ಕದ ತಟ್ಟುವ ಪದ್ಧತಿ ಇರಲಿಲ್ಲ. ಗಂಟಲೇ ಕದ.

ಒಳಗೆ ಬಂದಮೇಲೂ ಅದೇ ಗಂಟಲು ಬೇರೆ ಬೇರೆ ಕೆಲಸ ಮಾಡುತ್ತಿತ್ತು. ಅಜ್ಜಿಗೂ ಅತ್ತೆಗೂ ಮಾತಿಗೆ ಮಾತು ಬೆಳೆದರೆ ಪಡಸಾಲೆಯಿಂದ ಒಂದು ಗಿಡ್ಡ ಸದ್ದು ಬರುತ್ತಿತ್ತು. ಇಬ್ಬರೂ ಗಪ್‌ಚಿಪ್. ಸಾಲ ಕೇಳಲು ಬಂದವರು ಊರ ಕಥೆಯೆಲ್ಲ ಮುಗಿಸಿ ಇನ್ನೂ ಕೂತಿದ್ದರೆ ಉದ್ದದ್ದೊಂದು. ಅವರು ಎದ್ದು ಪಂಚೆ ಕೊಡವಿಕೊಳ್ಳುವರು. ನನಗಂತಲೇ ಒಂದು ಇತ್ತು. ಬಾಯಿ ಮುಚ್ಚಿಕೊಂಡೇ ಮಾಡುತ್ತಿದ್ದದ್ದು. ಜೇಬಿನಲ್ಲಿ ಕಡಲೆಮಿಠಾಯಿ ಇದೆ, ಯಾರಿಗೂ ಕಾಣದ ಹಾಗೆ ಬಾ ಅಂತ ಅದರ ಅರ್ಥ.

ಇದು ಹಗಲಿನ ಕೆಮ್ಮು. ರಾತ್ರಿಯದು ಬೇರೆ.

ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನ ಪಟ್ಟಿಯಲ್ಲಿ. ಅದನ್ನು ಕೊರೆದರೆ, ಒಡೆದರೆ ಏಳುವ ಧೂಳು ಗಾಜಿನ ಪುಡಿ ಇದ್ದ ಹಾಗೆ. ದಪ್ಪ ಧೂಳು ಮೂಗಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಕೆಮ್ಮಿದರೆ, ಕ್ಯಾಕರಿಸಿದರೆ ಆಚೆ ಬರುತ್ತದೆ. ಕಣ್ಣಿಗೆ ಕಾಣದ ಸಣ್ಣ ಧೂಳು ಮಾತ್ರ ಶ್ವಾಸಕೋಶದ ತುದಿಯವರೆಗೂ ಹೋಗಿ ಕೂತುಬಿಡುತ್ತದೆ. ಕೂತ ಕಡೆ ಗಾಯವಾಗಿ, ಗಾಯ ಗಂಟುಕಟ್ಟಿ, ಶ್ವಾಸಕೋಶ ಬಿಗಿಯಾಗುತ್ತಾ ಬರುತ್ತದೆ. ಸಿಲಿಕೋಸಿಸ್ ಅನ್ನುತ್ತಾರೆ. ಕೆಲಸ ಬಿಟ್ಟ ಮೇಲೂ ಅದು ನಿಲ್ಲದೆ ಬೆಳೆಯಬಹುದು. ಒಮ್ಮೆ ಆದ ಗಾಯವನ್ನು ಹಿಂದಕ್ಕೆ ತರುವ ಔಷಧಿ ಇಲ್ಲ. ತಾತ ಮಧ್ಯರಾತ್ರಿ ಚಾಪೆ ಮೇಲೆ ಎದ್ದು ಕೂತು ಕೆಮ್ಮುತ್ತಿದ್ದರು. ಗುಕ್ಕು ಗುಕ್ಕಾಗಿ ಬರುತ್ತಿತ್ತು. ಅಜ್ಜಿ ಎದ್ದು ಕತ್ತಲಲ್ಲೇ ಬೆನ್ನು ನೀವುತ್ತಿದ್ದಳು. ಮೆಣಸಿನ ಕಷಾಯದ ವಾಸನೆ ಬರುತ್ತಿತ್ತು. ನಾವು ಆ ಕಡೆ ಮಗ್ಗುಲಾಗಿ ನಿದ್ದೆ ಮಾಡುತ್ತಿದ್ದೆವು. ಬೇವಿನ ಮರದ ಹತ್ತಿರದ ಅಷ್ಟು ಸಣ್ಣ ಸದ್ದಿಗೆ ಇಡೀ ಮನೆ ಎದ್ದು ನಿಲ್ಲುತ್ತಿತ್ತು. ರಾತ್ರಿಯ ಅಷ್ಟು ದೊಡ್ಡ ಸದ್ದಿಗೆ ಅಜ್ಜಿ ಒಬ್ಬಳೇ ಏಳುತ್ತಿದ್ದಳು. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬರೆಯುವಾಗ ಈ ಎರಡಕ್ಕೂ ನಮ್ಮ ಹತ್ತಿರ ಇರುವುದು ಒಂದೇ ಮಾತು. "ಕೆಮ್ಮಿದರು."

ಉಹುಂ ಅಂದರೆ ಇಲ್ಲ, ಅಹಂ ಅಂದರೆ ನಾನು

ಸರಿ, ಸದ್ದನ್ನೇ ಬರೆಯೋಣ ಅಂತ ಕೂತೆ. ಮೊದಲು "ಉಹುಂ" ಅಂತ ಬರೆದೆ. ಓದಿ ನೋಡಿದರೆ ತಾತ "ಇಲ್ಲ" ಅಂದ ಹಾಗಾಯಿತು. "ಅಹಂ" ಅಂತ ಬರೆದೆ. ಅದು ಸೊಕ್ಕಿನ ಮಾತಾಯಿತು. "ಹೂಂ" ಬರೆದರೆ ಒಪ್ಪಿಗೆ. "ಹಾಂ" ಬರೆದರೆ ಕಿವಿ ಕೇಳದವರ ಪ್ರಶ್ನೆ. "ಖೊಕ್ ಖೊಕ್" ಅಂದರೆ ಮಕ್ಕಳ ಕಥೆಯ ಮುದುಕ ಬಂದು ಕೂರುತ್ತಾನೆ, ಕಾಯಿಲೆಯವನು. ಗಂಟಲು ಸರಿಮಾಡಿಕೊಳ್ಳುವ ಸದ್ದು ಕೂರಬೇಕಾದ ಜಾಗದಲ್ಲೆಲ್ಲ ಆಗಲೇ ಬೇರೆ ಯಾರೋ ಕೂತಿದ್ದಾರೆ. "ಕ್ಹ್ಹುಂ" ಅಂತ ಬರೆಯಲು ಹೋದೆ. ಫೋನಿನ ಕೀಲಿಮಣೆ ಅಕ್ಷರದ ಕೆಳಗೆ ಅಕ್ಷರ ಪೇರಿಸಿ ಗೋಪುರ ಕಟ್ಟಿತು. ಅತ್ತೆಗೆ ತೋರಿಸಿದರೆ ಸಂಸ್ಕೃತವಾ ಅನ್ನುತ್ತಿದ್ದರೇನೋ.

ನಮ್ಮ ವರ್ಣಮಾಲೆ ಶುರುವಾಗುವುದೇ ಗಂಟಲಿಂದ. ಅ, ಕ ಖ ಗ ಘ ಙ, ಹ, ವಿಸರ್ಗ. ಇವನ್ನೆಲ್ಲ ಕಂಠ್ಯ ಅಂತ ಶಾಲೆಯಲ್ಲಿ ಓದಿದ್ದೇವೆ. ಕೆಮ್ಮನ್ನು ಬರೆಯಲು ಹೋದ ಯಾರೇ ಆದರೂ ಕೈ ಹೋಗುವುದು ಈ ಅಕ್ಷರಗಳಿಗೇ. ಆದರೂ ಸದ್ದು ಸಿಗುವುದಿಲ್ಲ. ಯಾಕೆ ಅಂತ ನಾನೇ ಕೆಮ್ಮಿ ನೋಡಿಕೊಂಡೆ. "ಕ" ಅನ್ನುವಾಗ ನಾಲಿಗೆಯ ಹಿಂಭಾಗ ಮೇಲಕ್ಕೆ ತಾಕುತ್ತದೆ. ಕೆಮ್ಮುವಾಗ ಬಾಗಿಲು ಹಾಕಿಕೊಳ್ಳುವುದು ಅದಕ್ಕಿಂತ ಕೆಳಗೆ, ಧ್ವನಿತಂತುಗಳ ಹತ್ತಿರ. ಅವು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಹಿಂದೆ ಗಾಳಿ ಒತ್ತಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ತೆರೆಯುತ್ತದೆ. ಬಿಕ್ಕಳಿಕೆಯಲ್ಲೂ ಹಾಗೇ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಜಗ್ಗಿ ಗಾಳಿ ಒಳಗೆ ನುಗ್ಗುವಾಗ ಅದೇ ಬಾಗಿಲು ಪಟ್ ಅಂತ ಮುಚ್ಚಿಕೊಳ್ಳುತ್ತದೆ. ಹಿಕ್ ಅನ್ನುವುದು ಆ ಬಾಗಿಲ ಸದ್ದು. ಆ ಬಾಗಿಲು ಮುಚ್ಚುವುದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಜಗತ್ತಿನ ಎಲ್ಲ ಭಾಷೆಗಳ ಸದ್ದು ಗುರುತು ಹಾಕಿಕೊಳ್ಳಲು ಭಾಷಾವಿಜ್ಞಾನದವರು ಒಂದು ಲಿಪಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಇದಕ್ಕೊಂದು ಗುರುತಿದೆ. ಚುಕ್ಕಿ ಇಲ್ಲದ ಪ್ರಶ್ನೆ ಚಿಹ್ನೆಯ ಹಾಗೆ ಕಾಣುತ್ತದೆ.

ಲೊಚಗುಟ್ಟುವುದು ಇದಕ್ಕಿಂತ ಕಷ್ಟ. ಯಾರಿಗೋ ಕೆಟ್ಟದ್ದಾಯಿತು ಅಂತ ಕೇಳಿದ ಕೂಡಲೇ ಹಲ್ಲಿನ ಹಿಂದೆ ನಾಲಿಗೆ ಎಳೆದು ಸದ್ದು ಮಾಡುತ್ತೇವಲ್ಲ, ಅದು. ನಮ್ಮ ಅ ಇಂದ ಳ ವರೆಗೆ ಯಾವ ಅಕ್ಷರ ಹೇಳಿದರೂ ಉಸಿರು ಆಚೆ ಹೋಗುತ್ತದೆ. ಲೊಚ್ ಅನ್ನುವುದು ಒಳಕ್ಕೆ ಎಳೆಯುವ ಸದ್ದು. ದಕ್ಷಿಣ ಆಫ್ರಿಕಾದ ಜುಲು, ಕೋಸಾ ಭಾಷೆಗಳಲ್ಲಿ ಇದು ಮಾಮೂಲಿ ವ್ಯಂಜನ. ಮಾತಿನ ನಡುವೆ ಬರುತ್ತದೆ. ಇಂಗ್ಲಿಷಿನ ಸಿ ಅಕ್ಷರವನ್ನು ಅದಕ್ಕೆ ಬಳಸಿಕೊಂಡಿದ್ದಾರೆ. ನಮ್ಮಲ್ಲಿ ಅದು ಮಾತಿನ ಆಚೆಗೇ ಉಳಿಯಿತು, ಹಲ್ಲಿಯ ಜೊತೆ. ಹಲ್ಲಿಯೂ ಲೊಚಗುಟ್ಟುತ್ತದೆ, ನಮ್ಮ ಅಜ್ಜಿಯೂ ಲೊಚಗುಟ್ಟುತ್ತಿದ್ದಳು. ಹಲ್ಲಿ ಮಾಡಿದರೆ "ಕೃಷ್ಣ ಕೃಷ್ಣ" ಅಂತ ನೆಲ ತಟ್ಟುತ್ತಿದ್ದಳು.

ಹಾಗಂತ ಕನ್ನಡ ಈ ವಿಷಯದಲ್ಲಿ ಬಡವಾಗಿದೆ ಅಂತ ನಾನು ಒಪ್ಪುವುದಿಲ್ಲ. ಗೊಳ್ಳೆಂದು ನಗುತ್ತೇವೆ, ಕಿಸಕ್ಕನೆ ನಗುತ್ತೇವೆ, ಗೊಳೋ ಎಂದು ಅಳುತ್ತೇವೆ. ಮುದ್ದೆ ಗುಳುಂ ಅಂತ ಇಳಿಯುತ್ತದೆ. ಬಸ್ಸಾರು ಸೊರ್ ಅಂತ ಹೋಗುತ್ತದೆ. ಬಂಗಾರಪೇಟೆ ಪಾನಿಪುರಿಯ ನೀರು ನೋಡಲು ತಿಳಿ ನೀರಿನ ಹಾಗೆ ಇರುತ್ತದೆ, ನಾಲ್ಕನೆಯದಕ್ಕೆ ಎಲ್ಲರೂ ಉಸ್ ಹಾ ಅನ್ನುತ್ತಾರೆ. ಇಷ್ಟೇ ಅಲ್ಲ. ಸದ್ದಿನಿಂದ ಕ್ರಿಯಾಪದ ಮಾಡುವ ದಾರಿಯೇ ನಮ್ಮಲ್ಲಿದೆ. ಸದ್ದಿಗೆ "ಗುಟ್ಟು" ಸೇರಿಸಿದರೆ ಆಯಿತು. ಪಿಸುಗುಟ್ಟು, ಬುಸುಗುಟ್ಟು, ಲೊಚಗುಟ್ಟು. ಇಲ್ಲವಾದರೆ "ಕರಿಸು". ವಾಕರಿಸು, ಕ್ಯಾಕರಿಸು, ಹೂಂಕರಿಸು. ವಾಕ್ ಅನ್ನುವುದನ್ನು ಒಂದು ಸಲ ಜೋರಾಗಿ ಹೇಳಿ ನೋಡಿ. ಹೊಟ್ಟೆಯೇ ಮೇಲೆ ಬಂದ ಹಾಗಾಗುತ್ತದೆ. ಆ ಪದ ಮಾಡಿದವರು ಕಿವಿಯಿಟ್ಟು ಕೇಳಿದವರು.

ನನಗೆ ಜಾಸ್ತಿ ಇಷ್ಟವಾದದ್ದು ಞ ಅಕ್ಷರದ ಕಥೆ. ಪಾಪ, ವರ್ಣಮಾಲೆಯಲ್ಲಿ ಕೂತಿದೆ, ಕೆಲಸವೇ ಇಲ್ಲ. ಮಂಜು, ಪಂಚೆ ಬರೆಯುವಾಗ ಸೊನ್ನೆ ಹಾಕಿ ಮುಗಿಸುತ್ತೇವೆ. ಜ್ಞಾನ, ಆಜ್ಞೆ ಅನ್ನುವಾಗ ಒತ್ತಕ್ಷರವಾಗಿ ಜ ಕೆಳಗೆ ಕೂರುತ್ತದೆ. ಬಾಯಲ್ಲಿ ಹೇಳುವಾಗ ಅದೂ ಗ್ಯಾ ಆಗಿಬಿಡುತ್ತದೆ. ಅದು ಕೆಲಸಕ್ಕೆ ಬರುವ ಇನ್ನೊಂದು ಜಾಗ "ಹ್ಞೂಂ", "ಹ್ಞಾಂ". ಮೂಗಿನಲ್ಲಿ ಬರುವ ಆ ಉಸಿರನ್ನು ಬರೆಯಲು ಯಾರೋ ಪುಣ್ಯಾತ್ಮರು ಹ ಕೆಳಗೆ ಞ ಇಟ್ಟರು. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತಲ್ಲ, ಆ ಸದ್ದು ಅದು. ಹೂಂಗುಟ್ಟುವುದು ನಿಂತರೆ ಮಗು ಮಲಗಿತು ಅಂತ ಕಥೆ ನಿಲ್ಲುತ್ತಿತ್ತು. ಬಿಟ್ಟುಹೋದ ಒಂದು ಅಕ್ಷರವನ್ನು ತಂದು ಮೂಗಿನ ಉಸಿರಿಗೆ ಕೊಟ್ಟಿದ್ದಾರೆ. ಹಾಗಿದ್ದಮೇಲೆ ಗಂಟಲಿಗೂ ಏನಾದರೂ ಸಿಗಬಾರದಾ ಅನ್ನಿಸಿತು.

ವ್ಯಾಕರಣ ಹುಡುಕಿದೆ. ಅನುಕರಣಾವ್ಯಯ ಅಂತ ಪಟಪಟ, ಧಗಧಗ, ಚುರುಚುರು ಎಲ್ಲ ಇವೆ. ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಸಂಧಿಯ ಪಾಠದ ಕೊನೆಯ ಒಂದು ನಿಯಮ. ಪ್ರಕೃತಿಭಾವ. ಅಬ್ಬಾ, ಓಹೋ, ಅಯ್ಯೋ ಇಂಥವುಗಳ ಮುಂದೆ ಸ್ವರ ಬಂದರೂ ಸಂಧಿಯಾಗುವುದಿಲ್ಲ. "ಅಬ್ಬಾ ಅದೇನು" ಅನ್ನುವುದು ಅಬ್ಬಾವದೇನು ಆಗುವುದಿಲ್ಲ. ಹೈಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿ ಮರೆತಿದ್ದೆ. ಈಗ ಓದಿದಾಗ ತುಂಬಾ ಹೊತ್ತು ಆ ಪುಟದಲ್ಲೇ ಕೂತೆ. ಉಳಿದ ಪದಗಳೆಲ್ಲ ಪಕ್ಕದ ಪದದ ಜೊತೆ ಬೆರೆತು ತಮ್ಮ ಅಂಚು ಕಳೆದುಕೊಳ್ಳುತ್ತವೆ. ಮೈಯಿಂದ ನೇರವಾಗಿ ಬಂದ ಸದ್ದನ್ನು ವ್ಯಾಕರಣವೂ ಮುಟ್ಟದೆ ಬಿಟ್ಟಿದೆ.

ದಗ್ಗು, ಇರುಮಲ್, ಕೆಮ್ಮು

ನಮ್ಮ ಕಡೆ ಒಂದೇ ಭಾಷೆಯಲ್ಲಿ ಕಾಯಿಲೆ ಬೀಳುವವರು ಕಡಿಮೆ. ಪಕ್ಕದ ಮನೆಯಲ್ಲಿ ತೆಲುಗು, ಗಣಿಯ ಲೈನು ಮನೆಗಳಲ್ಲಿ ತಮಿಳು. ಕೆಮ್ಮಿಗೆ ತೆಲುಗಿನವರು ದಗ್ಗು ಅಂದರು, ತಮಿಳಿನವರು ಇರುಮಲ್ ಅಂದರು. ಸೀನಿಗೆ ಇಬ್ಬರೂ ತುಮ್ಮು ಅನ್ನುತ್ತಾರೆ, ನಾವೊಬ್ಬರೇ ಸೀನು. ಬಿಕ್ಕಳಿಕೆ ತಮಿಳಿನಲ್ಲಿ ವಿಕ್ಕಲ್. ಗೊರಕೆ ತೆಲುಗಿನಲ್ಲಿ ಗುರಕ, ಅದು ಮಾತ್ರ ಗೋಡೆ ದಾಟಿದರೂ ಅದೇ ಸದ್ದು. ಒಂದೇ ಗಂಟಲು, ಒಂದೇ ಧೂಳು, ಮೂರು ಹೆಸರು. ದಗ್ಗು ಅನ್ನುವಾಗ ಎದೆಗೆ ಗುದ್ದಿದ ಹಾಗೆ ಕೇಳುತ್ತದೆ. ಕೆಮ್ಮು ಅನ್ನುವಾಗ ತುಟಿ ಮುಚ್ಚಿಕೊಳ್ಳುತ್ತದೆ, ಯಾರಿಗೂ ಕೇಳದಿರಲಿ ಅಂತ ತಡೆದ ಹಾಗೆ.

ಗಂಟಲು ಸರಿಮಾಡಿಕೊಳ್ಳುವುದಕ್ಕೆ ತಮಿಳಿನಲ್ಲಿ ಬೇರೆಯೇ ಕ್ರಿಯಾಪದ ಇದೆ. ಕನೈ. ಕುದುರೆ ಕೂಗುವುದಕ್ಕೂ ಅದೇ ಪದ. ಕನ್ನಡದ ಕೆನೆ ಅದೇ ಬೇರಿನದು. ಕುದುರೆ ಕೆನೆಯಿತು ಅನ್ನುತ್ತೇವಲ್ಲ, ಅದು. ಅವರಲ್ಲಿ ಮನುಷ್ಯರಿಗೂ ಕುದುರೆಗೂ ಇರುವ ಪದ ನಮ್ಮಲ್ಲಿ ಕುದುರೆಗೆ ಮಾತ್ರ ಉಳಿಯಿತು. ಗಂಟಲು ಸರಿಮಾಡಿಕೊಂಡರು ಅಂತ ನಾವು ಮೂರು ಪದದಲ್ಲಿ ಸುತ್ತಿ ಹೇಳಬೇಕು. ಏನೋ ಕೆಟ್ಟಿತ್ತು, ರಿಪೇರಿ ಮಾಡಿದರು ಅನ್ನುವ ಹಾಗಿದೆ ಅದು. ಬೇವಿನ ಮರದ ಹತ್ತಿರ ತಾತನ ಗಂಟಲು ಏನೂ ಕೆಟ್ಟಿರಲಿಲ್ಲ.

ಇಂಗ್ಲಿಷಿನವರು ಅಹೆಮ್ ಅಂತ ಬರೆದರು. ಬರೆದು ಬರೆದು ಅದೇ ಪದವಾಯಿತು. ಈಗ ಕೆಲವರು ಕೆಮ್ಮುವ ಬದಲು ಅಹೆಮ್ ಅಂತ ಬಾಯಲ್ಲೇ ಹೇಳುತ್ತಾರೆ. ಜಪಾನಿನಲ್ಲಿ ನಿಜವಾದ ಕೆಮ್ಮಿಗೆ ಗೊಹೊನ್, ಗತ್ತಿನ ಕೆಮ್ಮಿಗೆ ಎಹೆನ್ ಅಂತ ಬೇರೆ ಬೇರೆ ಇವೆ. ಅದನ್ನು ತಿಳಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ಎರಡು ಕೆಮ್ಮಿಗೆ ಎರಡು ಪದ. ನನಗೆ ಬೇಕಾದದ್ದು ಅಷ್ಟೇ.

ಎಂದರೆ ಸರಿ

ನನ್ನ ಬೆರಳಿಗೆ ಈ ಅಭ್ಯಾಸ ಎಲ್ಲಿಂದ ಬಂತು ಅಂತ ಹೇಳಬೇಕು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನು ಸಾಹೇಬರು ಬರೆಸುತ್ತಾರೆ, ನಾವು ಟೈಪ್ ಮಾಡುತ್ತೇವೆ. ಪಾಟೀಸವಾಲಿನಲ್ಲಿ ವಕೀಲರು "ನೀವು ಅವತ್ತು ಊರಲ್ಲಿ ಇರಲೇ ಇಲ್ಲ, ಅಲ್ವಾ?" ಅಂತ ಕೇಳುತ್ತಾರೆ. ಸಾಕ್ಷಿ ತಲೆಯಾಡಿಸುತ್ತಾನೆ. ಹಾಳೆಯಲ್ಲಿ "ಸದರಿ ದಿನ ನಾನು ಊರಿನಲ್ಲಿ ಇರಲಿಲ್ಲ ಎಂದರೆ ಸರಿ" ಅಂತ ಬರುತ್ತದೆ. ಹ್ಞೂಂ ಅಂದರೂ "ಎಂದರೆ ಸರಿ". ಊಹೂಂ ಅಂದರೆ "ಎಂದರೆ ಸರಿಯಲ್ಲ". ನಿಟ್ಟುಸಿರಿಗೆ ಜಾಗವಿಲ್ಲ. ಬಿಕ್ಕಿದ್ದಕ್ಕೆ ಜಾಗವಿಲ್ಲ. ಹಾಗೆ ಬರೆಯುವುದಕ್ಕೆ ಕಾರಣವೂ ಇದೆ. ಮೇಲಿನ ಕೋರ್ಟಿನವರು ಓದಿದಾಗ ಅರ್ಥ ಒಂದೇ ಇರಬೇಕು. ಸದ್ದಿಗೆ ನೂರು ಅರ್ಥ ಮಾಡಬಹುದು.

ಒಂದು ದಿನದ್ದು ಮರೆಯಲಾಗುವುದಿಲ್ಲ. ಒಂದು ಹೊಡೆದಾಟದ ಕೇಸು. ಕಟಕಟೆಯಲ್ಲಿ ಒಬ್ಬ ವಯಸ್ಸಾದ ರೈತ, ಹೆಗಲ ಮೇಲೆ ಟವೆಲ್ಲು. ಹೊಡೆದದ್ದನ್ನು ಕಣ್ಣಾರೆ ಕಂಡವರು ಅವರು ಅಂತ ಪೋಲೀಸರ ಮುಂದೆ ಹೇಳಿಕೆ ಇತ್ತು. "ಹೊಡೆದವನು ಇವನೇನಾ?" ಅಂತ ಸರ್ಕಾರಿ ವಕೀಲರು ಕೇಳಿದರು. ಆ ಯಜಮಾನರು ಆರೋಪಿಯನ್ನು ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವನ ತಾಯಿಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು. ಮುಚ್ಚಿದರು. ಇನ್ನೊಮ್ಮೆ ಗಂಟಲು. ಟವೆಲ್ಲಿನ ತುದಿ ಬಾಯಿಗೆ ಹಿಡಿದು ಮೂರನೇ ಸಲ. ಫ್ಯಾನಿನ ಸದ್ದು ಬಿಟ್ಟರೆ ಅದೊಂದೇ ಕೇಳುತ್ತಿತ್ತು. ಆಮೇಲೆ "ಗೊತ್ತಿಲ್ಲ ಸ್ವಾಮಿ" ಅಂದರು.

"ಹೊಡೆದವರು ಯಾರೆಂದು ನನಗೆ ಗೊತ್ತಿಲ್ಲ" ಅಂತ ಟೈಪ್ ಮಾಡಿದೆ. ಅವರು ಪ್ರತಿಕೂಲ ಸಾಕ್ಷಿಯಾದರು. ಆ ಒಂದು ಸಾಲು ಓದಿದವರಿಗೆ ಏನು ಕಾಣುತ್ತದೆ? ಥಟ್ಟಂತ ಬಂದ ಉತ್ತರದ ಹಾಗೆ ಕಾಣುತ್ತದೆ. ಮೂರು ಸಲ ಗಂಟಲಿನಲ್ಲಿ ಏನೋ ಅಡ್ಡ ಬಂದದ್ದು ಎಲ್ಲೂ ಇಲ್ಲ. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಕಟಕಟೆ ಹತ್ತಿದರೆ ಎಂಥವರಿಗೂ ಬಾಯಿ ಒಣಗುತ್ತದೆ. ಆಗಿನ 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮಿನಲ್ಲಿ ಸಾಕ್ಷಿಯ ನಡವಳಿಕೆ ಬಗ್ಗೆ ಮುಖ್ಯ ಅನ್ನಿಸಿದ್ದನ್ನು ನ್ಯಾಯಾಧೀಶರು ಬರೆದಿಡಬೇಕು ಅಂತ ಇತ್ತು. ಕಾನೂನು ಮಾಡಿದವರಿಗೂ ಮಾತಿನ ಆಚೆ ಏನೋ ಇದೆ ಅಂತ ತಿಳಿದಿತ್ತು ಅನ್ನುವುದು ನನಗೆ ಸಮಾಧಾನ. ಆದರೂ ಆ ಮೂರು ಸದ್ದು ಈಗ ನನ್ನ ಕಿವಿಯಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ.

ಈಗಿನ ಫೋನು ನನಗಿಂತ ಕಟ್ಟುನಿಟ್ಟು. ಮಾತಾಡಿದರೆ ತಾನೇ ಬರೆದುಕೊಳ್ಳುತ್ತದಲ್ಲ, ತಾತನ ದನಿಯನ್ನು ಅದಕ್ಕೂ ಕೇಳಿಸಿದೆ. ಒಂದು ಕೆಮ್ಮನ್ನೂ ಬರೆಯಲಿಲ್ಲ. ಒಂದು ಕಡೆ ಮಾತ್ರ ಲೊಚಗುಟ್ಟಿದ್ದನ್ನು "ಚೋಟು" ಅಂತ ಬರೆದಿತ್ತು.

ಮತ್ತೆ ಹನ್ನೊಂದು ಹಾಳೆ

ಎಲ್ಲ ಮೊದಲಿಂದ ಶುರು ಮಾಡಿದೆ. ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಮೈ ತಾನಾಗಿ ಮಾಡಿದ ಸದ್ದಿಗೆ ಹೆಸರು ಬರೆಯುವುದು, "ಕೆಮ್ಮು ಬಂತು" ಅಂತ. ಯಾರಿಗೋ ಅಂತ ಮಾಡಿದ ಸದ್ದಾದರೆ ಅಕ್ಷರದಲ್ಲೇ ಬರೆಯುವುದು, ಬೇರೆ ಮಾತು ಬರೆದ ಹಾಗೆ. ಕಾಗುಣಿತ ಕುಲಗೆಟ್ಟರೂ ಪರವಾಗಿಲ್ಲ. ತಾತನ ಗಂಟಲಿಗೆ ಕೊನೆಗೆ "ಕ್ಹಂ… ಕ್ಹ್ಞೂಂ" ಅಂತ ಬರೆದೆ. ಗಿಡ್ಡದ್ದೊಂದು, ಉದ್ದದ್ದೊಂದು. ಎರಡನೆಯದರಲ್ಲಿ ಮೂಗಿಗೆ ಹತ್ತುವ ಜಾಗದಲ್ಲಿ ಞ ಇಟ್ಟೆ. ನಮ್ಮ ಮನೆಯವರ ಹೊರತು ಬೇರೆಯವರಿಗೆ ಓದಲು ಬರುತ್ತದೋ ಇಲ್ಲವೋ. ನಮ್ಮ ಮನೆಯವರಿಗೆ ಬಂದರೆ ಸಾಕು.

ಈ ಲೆಕ್ಕದಲ್ಲಿ ನಲವತ್ತು ಸದ್ದು ಸರಿಹೋದವು. ಕುಡಿಯುವ ಕಾಫಿಯ ಸೊರ್ ಕೂಡ ಬರೆದೆ. ಚಿಕ್ಕಪ್ಪನ "ಆಮೇಲೆ?" ಅನ್ನುವ ಪ್ರಶ್ನೆಗೆ ಉತ್ತರವಾಗಿ ಬಂದ ನಿಟ್ಟುಸಿರಿಗೆ "ಹ್ಹಾಃ" ಅಂತ ವಿಸರ್ಗ ಹಾಕಿದೆ. ವಿಸರ್ಗ ಅಂದರೆ ಉಸಿರು ಬಿಡುವುದು ತಾನೆ?

ಒಂದು ಉಳಿಯಿತು. ಎ ಕಡೆಯ ಇಪ್ಪತ್ತೆರಡನೇ ನಿಮಿಷ. ತಾತ ಏರ್ ಬ್ಲಾಸ್ಟ್ ಬಗ್ಗೆ ಹೇಳುತ್ತಿರುತ್ತಾರೆ. ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಡೆಯಲಾರದೆ ಒಮ್ಮೆಲೇ ಸಿಡಿಯುವುದಕ್ಕೆ ಗಣಿಯವರು ಕರೆಯುತ್ತಿದ್ದ ಹೆಸರು ಅದು. ಚಾಂಪಿಯನ್ ರೀಫ್ ಕಡೆ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಆಳ ಹೋದಷ್ಟೂ ಭಾರ. ಮೇಲಿನ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದವಂತೆ. ಚಿಕ್ಕಪ್ಪ ಕೇಳುತ್ತಾರೆ, "ನಿನ್ ಜೊತೆ ಇಳೀತಿದ್ರಲ್ಲ, ಅವ್ರೂ ಅದ್ರಲ್ಲೇ ಹೋಗಿದ್ದಾ ಅಪ್ಪಾ?" ತಾತ ಮಾತಾಡುವುದಿಲ್ಲ. ಹೊರಗಡೆ ಒಂದು ಕೋಳಿ ಕೂಗುತ್ತದೆ. ಆಮೇಲೆ ಒಂದು ಕೆಮ್ಮು. ಆಮೇಲೆ "ನೀರ್ ಕೊಡು ಪಾಪ." ಒಂದು ಹೆಣ್ಣು ದನಿ, "ತಗೊಳ್ಳಿ ತಾತ." ಅದು ನನ್ನದೇ ದನಿ. ಲೋಟ ನೆಲಕ್ಕಿಟ್ಟ ಸದ್ದು. ಮುಂದಿನ ಮಾತು ರೈಲಿನ ಬಗ್ಗೆ.

ಆ ಕೆಮ್ಮು ಯಾವುದು? ಧೂಳಿನದಾ, ಮಾತು ಅಡ್ಡ ನಿಲ್ಲಿಸಲು ಬಂದದ್ದಾ? ನಾನು ಅಲ್ಲೇ ಇದ್ದೆ, ನೀರು ಕೊಟ್ಟವಳು ನಾನೇ. ಆದರೂ ಹೇಳಲಾರೆ. ತಾತನ ಮುಖ ಅವತ್ತು ಹೇಗಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದು ಲೋಟ ಮಾತ್ರ. ಚಿಕ್ಕಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. "ಅದು ಕಾಯಿಲೆ ಕೆಮ್ಮಮ್ಮಾ, ಆಗ್ಲೇ ಜಾಸ್ತಿ ಆಗಿತ್ತು" ಅಂದರು. 2001ರ ಫೆಬ್ರುವರಿ 28ಕ್ಕೆ ಗಣಿಯೇ ಮುಚ್ಚಿತು. ಜೊತೆಯಲ್ಲಿ ಇಳಿದವರು ಯಾರೂ ಈಗ ನನಗೆ ಸಿಗುವ ಹಾಗಿಲ್ಲ. ಕೇಳುವುದಾದರೂ ಯಾರನ್ನು?

ಹೋದ ಭಾನುವಾರ ಹೊಸ ಹಾಳೆ, ಫೋನು ಎರಡೂ ತಗೊಂಡು ಅತ್ತೆ ಹತ್ತಿರ ಹೋದೆ. ಆ ಜಾಗವನ್ನು ಐದು ಸಲ ಹಾಕಿಸಿಕೊಂಡು ಕೇಳಿದರು. ಪ್ರತಿ ಸಲವೂ ಕೋಳಿ ಕೂಗಿತು.

"ನಿಮ್ ಚಿಕ್ಕಪ್ಪಂಗೆ ಏನ್ ಗೊತ್ತು? ಅವ್ನು ಮಲಗಿದ್ರೆ ತೇರು ಹೋದ್ರೂ ಏಳ್ತಿರಲಿಲ್ಲ. ರಾತ್ರಿ ಕೆಮ್ಮು ಕೆಳಗಿಂದ ಬರೋದು, ಹೊಟ್ಟೆ ಹಿಡ್ಕೊಂಡು. ಇದು ಮೇಲಿಂದು."

"ಬೇವಿನ ಮರದ್ದಾ ಹಂಗಾದ್ರೆ?"

"ಅದೂ ಅಲ್ಲ ಕಣಮ್ಮಾ. ಬೇವಿನ ಮರದ್ದು ನಿಂಗೆ ನೆನಪಿಲ್ವಾ? ನೀನು ಬರ್ದಿರೋದೂ ಸರಿ ಇಲ್ಲ. ಹಿಂಗಿತ್ತು ಅದು, ಕೇಳು."

ಅತ್ತೆ ನೆಟ್ಟಗೆ ಕೂತರು. ಸೆರಗು ಸರಿಮಾಡಿಕೊಂಡರು. ಗಲ್ಲ ಸ್ವಲ್ಪ ಮೇಲೆತ್ತಿ ಎರಡು ತುಂಡು ಸದ್ದು ಮಾಡಿದರು. ಗಿಡ್ಡದ್ದೊಂದು, ಉದ್ದದ್ದೊಂದು. ಸಣ್ಣ ದನಿ, ಹೆಂಗಸಿನ ದನಿ, ಎಂಬತ್ತು ದಾಟಿದ ದನಿ. ಆದರೂ ನನ್ನ ಕಾಲು ತಾನಾಗಿ ಮಡಿಸಿಕೊಂಡವು.

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಅತ್ತೆಯ ಸೊಸೆ ಕೈ ಒರೆಸಿಕೊಳ್ಳುತ್ತಾ ಆಚೆ ಬಂದಳು. ಅವಳು ಈ ಮನೆಗೆ ಬಂದದ್ದು ತಾತ ಹೋದ ಎಷ್ಟೋ ವರ್ಷದ ಮೇಲೆ.

"ಕರೆದ್ರಾ ಅತ್ತೆ?" ಅಂದಳು.